ಮೇಸ್ತ್ರಿ ಮುಟ್ಟದ ಸೊಪ್ಪಿಲ್ಲ

ನಮ್ಮ ಹಿತ್ತಲಿಗೆ ಹೊಸದಾಗಿ ಏನೇ ಬಂದರೂ ಮೊದಲು ತಪಾಸಣೆ ಮಾಡುವವಳು ಒಬ್ಬಳಿದ್ದಾಳೆ. ಸಿಮೆಂಟ್ ಚೀಲವಿರಲಿ, ನೆಂಟರ ಸ್ಕೂಟರಿರಲಿ, ಒಣಹಾಕಿದ ಕಂಬಳಿಯಿರಲಿ, ಮೂಗು ತೂರಿಸಿ, ತುಟಿಯಲ್ಲಿ ಎಳೆದು, ಒಂದು ಕಾಲು ಅದರ ಮೇಲಿಟ್ಟು ನೋಡಿದ ಮೇಲೆಯೇ ಅವಳಿಗೆ ಸಮಾಧಾನ. ಗಾರೆ ಕೆಲಸ ನೋಡೋಕೆ ಬಂದವರ ಹಾಗೆ ಓಡಾಡ್ತಾಳೆ ಎಂದು ನಮ್ಮತ್ತೆ ಅವಳಿಗೆ ಮೇಸ್ತ್ರಿ ಅಂತ ಹೆಸರಿಟ್ಟರು. ಬಿಳಿ ಮೈಯ ನಂದಿದುರ್ಗ ತಳಿ, ತುಮಕೂರು, ಕೋಲಾರದ ಕಡೆಯ ಮೇಕೆ. ಶಿರಾ ಸೀಮೆಯ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಎಂಟು ಹತ್ತು ಮೇಕೆ ಇದ್ದೇ ಇವೆ. ನಾನು ಕಳೆದುಕೊಂಡವುಗಳಲ್ಲಿ ರೋಗ ಬಂದು ಸತ್ತದ್ದು ಕಡಿಮೆ. ಹಿತ್ತಲಲ್ಲಿ ನಾನೇ ಇಟ್ಟ ವಸ್ತುವಿನಿಂದ ಸತ್ತದ್ದೇ ಜಾಸ್ತಿ.

1. ಬಾಯಿಯೇ ಅದರ ಕೈ

ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆಯನ್ನು ಕೇಳಿ ಮೇಕೆಯನ್ನು ಹೊಟ್ಟೆಬಾಕ ಎಂದುಕೊಂಡವರೇ ಹೆಚ್ಚು. ಗಾದೆ ಹೇಳುವುದು ಮುಟ್ಟುವುದನ್ನು, ತಿನ್ನುವುದನ್ನಲ್ಲ. ನಿಜಕ್ಕೂ ಇಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಕಾಲ ಕೆಳಗೆ ಬಿದ್ದು ತುಳಿದ ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ. ಆದರೆ ಏನಿದು ಎಂದು ತಿಳಿಯಬೇಕಾದರೆ ಅದಕ್ಕೆ ಕೈಯಿಲ್ಲ, ತುಟಿಯಲ್ಲೇ ಹಿಡಿಯಬೇಕು. ಆ ಮೇಲ್ದುಟಿಯೋ, ಚಿಲಕ ತೆಗೆಯುವಷ್ಟು ಚುರುಕು. ಹೀಗಾಗಿ ನಾಲ್ಕೆಲೆ ತಿಂದರೂ ಕೊಲ್ಲುವಂಥದ್ದು, ಒಮ್ಮೆ ನುಂಗಿದರೆ ಹೊರಗೆ ಬಾರದಂಥದ್ದು ಹಿತ್ತಲಲ್ಲಿ ಇರಬಾರದು.

ಮಳೆಗಾಲಕ್ಕೆ ಮುಂಚೆ ಒಂದು ಸಲ, ಹಬ್ಬಕ್ಕೆ ಮುಂಚೆ ಒಂದು ಸಲ ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಸುತ್ತ ನೋಡುತ್ತೇನೆ. ನಿಂತಾಗ ಕಾಣದ ಮೊಳೆ, ತಂತಿ ತುಂಡು, ಒಡೆದ ಗಾಜು ಆಗ ಕಾಣುತ್ತವೆ. ಆಮೇಲೆ ಎದ್ದು ನಿಂತು ನನ್ನ ತಲೆಯೆತ್ತರದವರೆಗೂ ನೋಡುತ್ತೇನೆ. ಹಿಂಗಾಲ ಮೇಲೆ ನಿಂತರೆ ಮೇಸ್ತ್ರಿಯ ಬಾಯಿ ಅಲ್ಲಿಯವರೆಗೂ ಎಟುಕುತ್ತದೆ.

2. ವಿಷಕ್ಕಿಂತ ಮೊದಲು ಮೂಟೆ

ಕೇಳಿದವರು ನಂಬುವುದಿಲ್ಲ. ನಾನು ಕಂಡ ಮಟ್ಟಿಗೆ ಮೇಕೆಗೆ ಮನೆಯೊಳಗಿನ ದೊಡ್ಡ ಅಪಾಯ ರಾಗಿ, ಅಕ್ಕಿ, ಜೋಳದ ಮೂಟೆ.

ಮೇಸ್ತ್ರಿಯ ತಾಯಿಯೂ ಇವಳ ಹಾಗೇ ಇತ್ತು. ಒಂದು ಮಧ್ಯಾಹ್ನ ಕೋಣೆಯ ಚಿಲಕ ಸರಿಸಿ ಒಳಗೆ ನುಗ್ಗಿ ಮುಸುಕಿನ ಜೋಳದ ನುಚ್ಚು ತಿಂದುಬಿಟ್ಟಿತು. ಸಂಜೆ ಮೂಲೆ ಹಿಡಿದು ಸುಮ್ಮನೆ ನಿಂತಿತ್ತು. ಹೊಟ್ಟೆ ತುಂಬಿದೆ, ನಾಳೆ ಸರಿಹೋಗುತ್ತೆ ಎಂದೆ. ರಾತ್ರಿ ಹಲ್ಲು ಕಡಿಯತೊಡಗಿತು, ಹೊಟ್ಟೆ ಅಲುಗಿಸಿದರೆ ನೀರು ತುಂಬಿದ ಕೊಡದ ಹಾಗೆ ಸದ್ದು. ಆಮೇಲೆ ನೀರುನೀರಾಗಿ ಭೇದಿ. ಬೆಳಗ್ಗೆ ಏಳಲಿಲ್ಲ.

"ನಿನ್ನೆ ಮಧ್ಯಾಹ್ನವೇ ಕರೀಬೇಕಿತ್ತಲ್ಲ ಅಕ್ಕಾ" ಎಂದರು ಡಾಕ್ಟರು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ಸೊಪ್ಪುಸದೆಗೆ ಹೊಂದಿಕೊಂಡದ್ದು. ಅದರೊಳಕ್ಕೆ ಒಮ್ಮೆಗೇ ಕಾಳೋ ಹಿಟ್ಟೋ ಅನ್ನವೋ ಬಿದ್ದರೆ ಬೇಗ ಹುಳಿತು ಆಮ್ಲವಾಗುತ್ತದೆ. ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವೆ, ಆಮ್ಲ ರಕ್ತಕ್ಕೂ ಸೇರುತ್ತದೆ. ಲಕ್ಷಣ ಕಾಣಿಸುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಆದ್ದರಿಂದ ಮೇಕೆ ಚೆನ್ನಾಗಿಯೇ ಓಡಾಡುತ್ತಿದ್ದರೂ, ಮೂಟೆ ಹರಿದದ್ದು ಕಂಡ ಕೂಡಲೇ ಫೋನ್ ಮಾಡಬೇಕು. ಅಡುಗೆ ಸೋಡಾ ಎಷ್ಟು ಕುಡಿಸಬೇಕೆಂದು ತೂಕ ಕೇಳಿ ಅವರೇ ಹೇಳುತ್ತಾರೆ. ಮಲಗಿ ತಲೆ ಎತ್ತಲಾಗದ ಮೇಕೆಗೆ ಮಾತ್ರ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಮದುವೆ, ದೇವರ ಕಾರ್ಯ ಮುಗಿದ ಮೇಲೆ ಮಿಕ್ಕ ಅನ್ನವನ್ನು "ಪಾಪ, ತಿನ್ನಲಿ" ಎಂದು ಮೇಕೆ ಮುಂದೆ ಸುರಿಯುವ ಪ್ರೀತಿಯೂ ಇದೇ ದಾರಿಯದು. ಕೋಣೆಗೆ ಈಗ ಎರಡು ಚಿಲಕ, ಮೇಲಿನದಕ್ಕೆ ಕಬ್ಬಿಣದ ಪಿನ್ನು. ಪಿನ್ನು ಎಳೆಯುವುದನ್ನು ಮೇಸ್ತ್ರಿ ಇನ್ನೂ ಕಲಿತಿಲ್ಲ.

3. ಗೋಡೆ ಹಾರಿತು, ಹಗ್ಗ ಹಾರಲಿಲ್ಲ

ಕಾವಲಿಲ್ಲದಾಗ ಮೇಕೆ ಕಟ್ಟಿಹಾಕಿದರೆ ಕ್ಷೇಮ ಎಂದು ನಾನೂ ನಂಬಿದ್ದೆ. ಒಂದೂವರೆ ಮಾರು ಹಗ್ಗ ಹಾಕಿ ಮೋಟುಗೋಡೆಯ ಪಕ್ಕ ಕಟ್ಟಿದ್ದ ಮರಿ, ಆಚೆ ಬದಿಯ ನುಗ್ಗೆ ಸೊಪ್ಪಿಗೆ ಹಾರಿ ಗೋಡೆಗೆ ನೇತಾಡುತ್ತಿತ್ತು. ಪಕ್ಕದ ಮನೆಯ ಹುಡುಗ ಕಂಡು ಎತ್ತಿ ಹಿಡಿದುಕೊಂಡದ್ದರಿಂದ ಉಳಿಯಿತು. ಅಂದಿನಿಂದ ಗೂಟ ಬಯಲಿನ ನಡುವೆ. ಹಗ್ಗ ಪೂರ್ತಿ ಬಿಟ್ಟರೂ ಗೋಡೆ, ಮರ, ತೊಟ್ಟಿ ಯಾವುದೂ ಎಟುಕಬಾರದು. ಕೊರಳಿಗೆ ಜೀರುಗುಣಿಕೆ ಎಂದೂ ಹಾಕಬೇಡಿ. ಬಿಗಿಯದ ಗಂಟು ಹಾಕಿ, ನಡುವೆ ಎರಡು ಬೆರಳು ಆಡುವಷ್ಟು ಜಾಗ ಬಿಡಿ.

ಮರದ ಕವೆಯನ್ನೂ ನೋಡಿ. ಚಿಗುರಿಗೆ ಮುಂಗಾಲೆತ್ತಿ ನಿಂತಾಗ ಕಾಲು ಕವೆಯಲ್ಲಿ ಸಿಕ್ಕರೆ, ಗಾಬರಿಯಲ್ಲಿ ಜಗ್ಗಿ ಮೂಳೆ ಮುರಿದುಕೊಳ್ಳುತ್ತದೆ. ನಾವು ಕೆಳಗಿನ ಕವೆಗಳಿಗೆ ಹಲಗೆ ಬಡಿದಿದ್ದೇವೆ. ಚೌಕದ ಕಣ್ಣಿನ ತಂತಿ ಬೇಲಿಯೂ ಇದೇ ಜಾತಿ. ತಲೆ ಒಳಗೆ ಹೋಗುತ್ತದೆ, ಕೊಂಬು ವಾಪಸು ಬರಲು ಬಿಡುವುದಿಲ್ಲ.

4. ಪೂಜೆಯ ಹೂವು, ಹೊಲದ ಹಿಂಡಿ

ಕಣಗಿಲೆ ನಮ್ಮಲ್ಲಿ ಮನೆಮನೆಗೂ ಇರುವ ಹೂವಿನ ಗಿಡ. ಅದರ ಕೆಲವೇ ಎಲೆ ಮೇಕೆಯ ಹೃದಯದ ಬಡಿತ ಕೆಡಿಸಿ ಕೊಲ್ಲುತ್ತವೆ. ನಿಂತ ಗಿಡಕ್ಕಿಂತ ಸವರಿ ಬಿಸಾಡಿದ ರೆಂಬೆಗೆ ಹೆದರಬೇಕು. ಒಣಗಿದ ಎಲೆಯಲ್ಲೂ ವಿಷ ಹೋಗುವುದಿಲ್ಲ, ಒಣಗಿದ ಮೇಲೆ ಮೇಕೆ ತಿನ್ನುವ ಸಂಭವ ಜಾಸ್ತಿ. ನಮ್ಮ ಓಣಿಯಲ್ಲಿ ಗಿಡ ಸವರುವವರಿಗೆಲ್ಲ ನಾನು ಹೇಳಿಟ್ಟಿದ್ದೇನೆ, "ನನ್ನನ್ನ ಕರೀರಿ, ನಾನೇ ಹೊತ್ತು ಹಾಕ್ತೀನಿ."

ಗೊಬ್ಬರಕ್ಕೆ ತಂದ ಹರಳು ಹಿಂಡಿ ನೋಡಲು ಕಡಲೆಕಾಯಿ ಹಿಂಡಿಯ ಹಾಗೇ ಇರುತ್ತದೆ, ಆದರೆ ವಿಷ. ಎರಡನ್ನೂ ಒಂದೇ ಕೋಣೆಯಲ್ಲಿಡಬೇಡಿ. ಯೂರಿಯಾ ಚೀಲ, ಬಿತ್ತನೆಗೆ ಔಷಧಿ ಹಚ್ಚಿದ ಕಡಲೆಕಾಯಿ ಬೀಜ, ಇಲಿ ಪಾಷಾಣ, ಇವೆಲ್ಲ ಬೀಗದ ಒಳಗೇ ಇರಬೇಕು. ಲಂಟಾನ ಪೊದೆ ಈಲಿ ಕೆಡಿಸುತ್ತದೆ. ತಿಂದ ಮೇಕೆ ಬಿಸಿಲಿಗೆ ಬಂದರೆ ಮೈ ಸುಡುತ್ತದೆ, ಬಿಳಿ ಮೇಕೆಗೆ ಇನ್ನೂ ಬೇಗ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು, ಕುಯ್ದ ಮೇಲೆ ಚಿಗುರುವ ಕೂಳೆ ಜೋಳ, ಎರಡರಲ್ಲೂ ಸೈನೈಡ್ ಹುಟ್ಟುವ ಅಂಶವಿದೆ. ಹಸಿದ ಮೇಕೆ ಆ ಹೊಲಕ್ಕೆ ನುಗ್ಗಿದರೆ ನಿಮಿಷಗಳ ಲೆಕ್ಕ. ಇದಕ್ಕೆ ಚುಚ್ಚುಮದ್ದಿದೆ, ಡಾಕ್ಟರು ಅಷ್ಟರಲ್ಲಿ ತಲುಪಬೇಕು.

5. ಕವರು

ಒಮ್ಮೆ ನುಂಗಿದರೆ ಹೊರಗೆ ಬಾರದಂಥದ್ದು ಎಂದು ಮೊದಲು ಹೇಳಿದ್ದು ಇವನ್ನೇ, ಉಪ್ಪಿನ ಕವರು, ಬೋಂಡಾ ಕಟ್ಟಿಕೊಟ್ಟ ಕವರು. ಮೇಕೆಗೆ ಬೇಕಿರುವುದು ಪ್ಲಾಸ್ಟಿಕ್ಕಲ್ಲ, ಅದಕ್ಕೆ ಅಂಟಿದ ಉಪ್ಪು. ಉಪ್ಪಿನ ಇಟ್ಟಿಗೆ ತೂಗುಹಾಕಿದ ಮೇಲೆ ನಮ್ಮಲ್ಲಿ ಈ ಚಟ ತುಂಬ ಇಳಿದಿದೆ.

6. ನೀರು, ಕರೆಂಟು, ನಾಯಿ

ನೀರಿನ ತೊಟ್ಟಿಗೆ ಬಿದ್ದ ಮರಿ ಕಾಲೂರಿ ಎದ್ದು ಬರುವಂತೆ ಒಳಗೆ ಎರಡು ಕಲ್ಲು ಇಡಿ. ಮರಿಗಳಿರುವಾಗ ಬಕೆಟ್ಟನ್ನು ಬೋರಲು ಹಾಕಿಡಿ. ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆ ಗೋಡೆಯಲ್ಲಿ ಮೇಲಿರಲಿ, ವೈರು ಪೈಪಿನೊಳಗಿರಲಿ. ಮೈ ಉಜ್ಜಲು ಮೇಕೆ ಹುಡುಕುವುದು ಕಂಬವನ್ನೇ. ಮಳೆಯಲ್ಲಿ ಕರೆಂಟ್ ಕಂಬದ ಸ್ಟೇ ವೈರಿನ ಹತ್ತಿರ ಬಿಡಬೇಡಿ. ರಾತ್ರಿಗೆ ಮೇಲ್ಛಾವಣಿ, ಬಾಗಿಲು ಎರಡೂ ಇರುವ ಕೊಟ್ಟಿಗೆಯೇ ಆಗಬೇಕು. ನಮ್ಮ ಜಿಲ್ಲೆಯಲ್ಲಿ ನಾಯಿ ಮಾತ್ರವಲ್ಲ, ಚಿರತೆಯೂ ಇದೆ.

7. ಕೆಲಸ ಕೊಡಿ

ಇಷ್ಟೆಲ್ಲ ಮುಚ್ಚಿ, ಎತ್ತಿಟ್ಟು, ಬೀಗ ಹಾಕಿದ ಮೇಲೆ ಮೇಸ್ತ್ರಿ ಹೊಸ ಕಿತಾಪತಿ ಹುಡುಕಿದಳು, ಬಾವಿಕಟ್ಟೆ ಹತ್ತುವುದು. ಬೇಜಾರಾದ ಮೇಕೆಗೆ ಬೇಲಿ ಸಾಲದು. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದೆವು, ಜೊತೆಗೆ ಹಿತ್ತಲ ನಡುವೆ ಮೂರು ಹಳೆ ಚಪ್ಪಡಿ ಕಲ್ಲು ಮೆಟ್ಟಿಲಿನ ಹಾಗೆ ಪೇರಿಸಿದೆವು. ಅಗಸೆ ಸೊಪ್ಪನ್ನು ನೆಲಕ್ಕೆ ಹಾಕದೆ ಹುರಿಯಲ್ಲಿ ಎತ್ತರಕ್ಕೆ ಕಟ್ಟುತ್ತೇವೆ. ಈಗ ಅರ್ಧ ದಿನ ಅವಳು ಕಲ್ಲಿನ ಮೇಲೇ ನಿಂತು ಊರು ನೋಡುತ್ತಾಳೆ.

8. ಗೋಡೆಯ ಮೇಲಿನ ನಂಬರು

ಎಡಪಕ್ಕೆ ಡೋಲಿನ ಹಾಗೆ ಉಬ್ಬಿದರೆ, ಮೆಲುಕು ನಿಂತರೆ, ಗುಂಪು ಬಿಟ್ಟು ಒಂಟಿಯಾಗಿ ನಿಂತರೆ ಬೆಳಗಾಗಲಿ ಎಂದು ಕಾಯಬೇಡಿ. ಏನು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಎಂದು ಹೇಳಿ. ತಿಂದದ್ದರ ಒಂದು ಚೂರು ಎತ್ತಿಟ್ಟುಕೊಂಡಿರಿ. ಕರ್ನಾಟಕದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಒತ್ತಬೇಕು. ನಾನು ಆ ನಂಬರನ್ನು ಕೊಟ್ಟಿಗೆಯ ಗೋಡೆಗೆ ಪೇಂಟಿನಲ್ಲಿ ಬರೆಸಿದ್ದೇನೆ. ಮೊದಲು ಕಾಗದದಲ್ಲಿ ಬರೆದು ಅಂಟಿಸಿದ್ದನ್ನು ಮೇಸ್ತ್ರಿ ತಿಂದಳು.