ಹಿಡ್ಕೊಂಡ ಟೈ ರಾಡ್ ಮತ್ತು ಹಂಡೆ ನೀರು

ದಸರಾ ರಜೆಗೆ ಊರಿಗೆ ಹೋದಾಗ ಮಾವನ ಪಿಕಪ್ ಅಂಗಳದಲ್ಲೇ ನಿಂತಿತ್ತು. ಊರು ಅಂದ್ರೆ ಕೊಪ್ಪದಿಂದ ಶೃಂಗೇರಿಗೆ ಹೋಗುವಾಗ ಹರಿಹರಪುರ ದಾಟಿ ಸ್ವಲ್ಪ ಒಳಗೆ. ನಾವು ಅಂದ್ರೆ ಮೆಕ್ಯಾನಿಕಲ್ ಮೂರನೇ ಸೆಮ್‌ನ ಇಬ್ಬರು, ಅಕ್ಕ-ತಂಗಿಯರ ಮಕ್ಕಳು. ಶೃಂಗೇರಿಗೆ ಅಡಿಕೆ ಮೂಟೆ, ಎನ್.ಆರ್.ಪುರದಿಂದ ಗೊಬ್ಬರ, ಎಲ್ಲ ಆ ಗಾಡಿಯಲ್ಲೇ. ಜೂನ್‌ನಿಂದ ಅದು ನಿಂತಿದ್ದೇ ಹೆಚ್ಚು. ಈಗ ಸ್ಟೀರಿಂಗ್ ಕಲ್ಲಿನಷ್ಟು ಗಟ್ಟಿ. ಅದಕ್ಕಿಂತ ಹೆದರಿಕೆಯ ವಿಷಯ, ತಿರುವಿನಲ್ಲಿ ತಿರುಗಿಸಿದ ಮೇಲೆ ತಾನಾಗಿ ನೇರಕ್ಕೆ ಬರ್ತಿರಲಿಲ್ಲ. ನಮ್ಮ ಕಡೆ ನೇರ ರಸ್ತೆ ಎಲ್ಲಿದೆ ಹೇಳಿ?

"ಓದಿದ್ದು ಏನಾದ್ರೂ ಉಪಯೋಗಕ್ಕೆ ಬರುತ್ತಾ ನೋಡ್ರೋ" ಅಂದರು ಮಾವ.

ಮೊದಲು ಮೈಲುತುತ್ತವನ್ನು ಬೈದೆವು. ಕೊಳೆರೋಗಕ್ಕೆ ಬೋರ್ಡೊ ಹೊಡೆಯೋ ಕಾಲದಲ್ಲಿ ಅದರ ಬ್ಯಾರಲ್ ಇದೇ ಗಾಡಿಯಲ್ಲಿ ತುಳುಕಾಡುತ್ತೆ. ಸುಣ್ಣ ಸೇರಿಸದ ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತೆ. ದ್ರಾವಣಕ್ಕೆ ಕತ್ತಿ ಅದ್ದಿ ಕೆಂಪಾಗುತ್ತಾ ಅಂತ ನೋಡೋದು ಇದಕ್ಕೇ. ಆದರೆ ಬ್ಯಾರಲ್ ಇರೋದು ಹಿಂದೆ, ಸ್ಟೀರಿಂಗ್ ಮುಂದೆ! ಕೆಳಗೆ ಮಲಗಿ ನೋಡಿದಾಗ ನಿಜವಾದ ಕಾರಣ ಸಿಕ್ಕಿತು. ಟೈ ರಾಡ್‌ನ ಎಡ ತುದಿಯ ಬಾಲ್ ಜಾಯಿಂಟ್‌ನ ರಬ್ಬರ್ ಬೂಟ್ ಹರಿದಿತ್ತು. ಒಳಗೆ ಗ್ರೀಸ್ ಬದಲು ಕೆಮ್ಮಣ್ಣು.

ಮಲಗೋ ಮುಂಚೆ ಒಂದು ವಿಷಯ. ಮಾವ ಜಾಕಿ ಏರಿಸಿ ಪಕ್ಕದಲ್ಲಿ ಜಂಬಿಟ್ಟಿಗೆ ಕಲ್ಲು ಇಟ್ಟಿದ್ದರು. ಗೋಡೆಗೆ ಅದು ಸರಿ. ಆದರೆ ಆಕ್ಸಲ್‌ನ ಭಾರ ಒಂದೇ ಕಡೆ ಬಿದ್ದರೆ ಪುಡಿಯಾಗಬಹುದು. ಪಕ್ಕದ ಗ್ಯಾರೇಜಿನಿಂದ ಸ್ಟ್ಯಾಂಡ್ ತಂದು, ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟ ಮೇಲೇ ಒಳಗೆ ಹೋದ್ವಿ.

ಜಾಯಿಂಟ್ ಬದಲಿಸಬೇಕು ಅಂದ್ರೆ ಎರಡು ಕಡೆ ಬಿಡಿಸಬೇಕು: ಚಕ್ರದ ಕಡೆಯ ಸ್ಟೀರಿಂಗ್ ಆರ್ಮ್‌ನಲ್ಲಿ ಕೂತ ಟೇಪರ್, ಆಮೇಲೆ ರಾಡ್‌ನ ಕೊಳವೆಯೊಳಗಿನ ಥ್ರೆಡ್. ನಟ್ ಬಿಚ್ಚಿದರೂ ಟೇಪರ್ ಬಿಡೋದಿಲ್ಲ, ಯಾಕೆ? ಟೇಪರ್ 1:10 ಇದೆ ಅಂತ ಇಟ್ಕೊಳ್ಳಿ. ಅರ್ಧ ಕೋನ ಬರೋದು ಸುಮಾರು 2.9 ಡಿಗ್ರಿ. ಘರ್ಷಣೆಯ ಗುಣಾಂಕ 0.15 ಆದರೆ ಘರ್ಷಣಾ ಕೋನ 8.5 ಡಿಗ್ರಿ. ಟೇಪರ್ ಕೋನಕ್ಕಿಂತ ಅದು ದೊಡ್ಡದು, ಹಾಗಾಗಿ ಒಮ್ಮೆ ಕೂತರೆ ಅದು ತಾನಾಗಿ ಜಾರಲ್ಲ. ತುಕ್ಕು ಇಲ್ಲದಿದ್ದರೂ ಅಷ್ಟೇ. ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ್ದ ಸೆಲ್ಫ್ ಲಾಕಿಂಗ್ ಇಲ್ಲಿ ನಮ್ಮನ್ನು ನೋಡಿ ನಗ್ತಿತ್ತು.

ನಾವು ಮಾಡಿದ ತಪ್ಪು, ಬೋಲ್ಟಿನ ತುದಿಗೇ ಸುತ್ತಿಗೆಯಲ್ಲಿ ಹೊಡೆದದ್ದು. ಥ್ರೆಡ್ ಹಾಳಾಯ್ತು, ಟೇಪರ್ ಅಲುಗಾಡಲಿಲ್ಲ. ಹೇಗೂ ಬಿಸಾಡೋ ಜಾಯಿಂಟ್ ಆಗಿದ್ದಕ್ಕೆ ಬಚಾವಾದ್ವಿ. ಹೊಡೆಯಬೇಕಾದ್ದು ಆರ್ಮ್‌ನ ಕಣ್ಣಿನ ಪಕ್ಕಕ್ಕೆ. ಒಬ್ಬ ಎದುರು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬ ಈ ಬದಿಯಿಂದ ಚುರುಕಾಗಿ ಹೊಡೀಬೇಕು. ಪ್ರತಿ ಏಟಿಗೂ ದುಂಡಗಿನ ಕಣ್ಣು ಒಂದು ಕ್ಷಣ ಮೊಟ್ಟೆಯಾಕಾರ ಆಗಿ ಹಿಡಿತ ಸಡಿಲವಾಗುತ್ತೆ. ಪುಲ್ಲರ್ ಹಾಕಿ ಬಿಗಿ ಮಾಡಿಟ್ಟು ಹೊಡೆದರೆ ಇನ್ನೂ ಬೇಗ. ನಟ್ ಪೂರ್ತಿ ತೆಗೀಬೇಡಿ, ಎರಡು ಸುತ್ತು ಬಿಟ್ಟಿರಿ. ಐದನೇ ಏಟಿಗೆ 'ಟಕ್' ಅಂತ ರಾಡ್ ಬಿತ್ತು, ನಟ್ ಮೇಲೆ ನಿಂತಿತು. ಇಲ್ಲದಿದ್ದರೆ ನಮ್ಮ ಮುಖದ ಮೇಲೆ.

ರಾಡ್ ಬಿಟ್ಟ ಕೂಡಲೇ ಎರಡೂ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡಿದ್ವಿ. ಆರಾಮಾಗಿ ತಿರುಗಿದವು. ಹಿಡಿದಿದ್ದು ಜಾಯಿಂಟೇ ಅಂತ ಖಾತ್ರಿಯಾಯ್ತು. ಚಕ್ರವೇ ಗಟ್ಟಿ ಇದ್ದಿದ್ದರೆ ಹೊಸ ಜಾಯಿಂಟಿನ ದುಡ್ಡು ದಂಡ ಆಗ್ತಿತ್ತು.

ಥ್ರೆಡ್ ಮಾತ್ರ ಸತಾಯಿಸಿತು. ಲಾಕ್ ನಟ್ ಸಡಿಲ ಮಾಡಿ, ಪೈಪ್ ರೆಂಚ್ ಹಾಕಿ ಅರ್ಧ ಗಂಟೆ ಎಳೆದ್ವಿ. ಆಮೇಲೆ ಹೊಳೆಯಿತು: ಟೈ ರಾಡ್‌ನ ಒಂದು ತುದಿಗೆ ಎಡ ಥ್ರೆಡ್ ಇರುತ್ತೆ. ಮಧ್ಯದ ಕೊಳವೆ ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಹೊರಗೆ ಇಲ್ಲವೇ ಒಳಗೆ ಹೋಗಲಿ ಅಂತ. ನಾವು ಅರ್ಧ ಗಂಟೆ ಬಿಗಿ ಮಾಡ್ತಾ ಇದ್ವಿ. (ಇದನ್ನು ಮಾವನಿಗೆ ಇನ್ನೂ ಹೇಳಿಲ್ಲ.)

ಮಾವ ಗ್ಯಾಸ್ ಕಟ್ಟರ್ ತರಿಸೋಣ ಅಂದರು. ಬೇಡ ಅಂದ್ವಿ. ಸ್ಟೀರಿಂಗಿನ ಉಕ್ಕನ್ನು ಕೆಂಪಗೆ ಕಾಯಿಸಿದರೆ ಅದಕ್ಕೆ ಕೊಟ್ಟ ಹದ ಹೋಗುತ್ತೆ, ಪಕ್ಕದಲ್ಲಿ ಗ್ರೀಸು, ರಬ್ಬರು ಬೇರೆ. ಆಗ ಅತ್ತೆ ಬಚ್ಚಲ ಹಂಡೆ ತೋರಿಸಿದರು. ಲೆಕ್ಕ ಹಾಕಿದ್ವಿ. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತೆ. ಒಳ ವ್ಯಾಸ 20 ಮಿ.ಮೀ., ಬಿಸಿ 60 ಡಿಗ್ರಿ ಏರಿದರೆ 0.014 ಮಿ.ಮೀ. ಕೂದಲಿಗಿಂತ ಎಷ್ಟೋ ಸಣ್ಣ, ಆದರೆ ಎಣ್ಣೆ ನುಗ್ಗೋಕೆ ಅಷ್ಟು ದಾರಿ ಇದ್ದರೂ ನಡೆಯುತ್ತೆ. ತಂತಿ ಬ್ರಷ್‌ನಲ್ಲಿ ಮಣ್ಣು ಕೆರೆದು, ಕೊಳವೆಗೆ ಗೋಣಿ ಸುತ್ತಿ, ಕುದಿನೀರು ಸುರಿದ್ವಿ. ಒಳಗಿನ ರಾಡ್ ಕಾಯೋ ಮುಂಚೆ ಒಂದೊಂದು ಏಟು, ಆರುವಾಗ ತುಕ್ಕು ಬಿಡಿಸೋ ಎಣ್ಣೆ. ರಾತ್ರಿ ಮೂರು ಸಲ ಹೀಗೆ. ಬೆಳಿಗ್ಗೆ ಕಾಫಿ ಕುಡಿದು ಬಂದು, ಸರಿಯಾದ ದಿಕ್ಕಿಗೆ ರೆಂಚ್ ಹಾಕಿದಾಗ ಕಿರ್ರ್ ಅಂತ ಕಾಲು ಸುತ್ತು. ಹಿಂದಕ್ಕೆ, ಮತ್ತೆ ಮುಂದಕ್ಕೆ. ಒಂದೇ ಸಮ ಎಳೆಯಬಾರದು, ತುಕ್ಕಿನ ಪುಡಿ ಸಿಕ್ಕಿಕೊಳ್ಳುತ್ತೆ.

ಬಿಚ್ಚುವಾಗ 17 ಸುತ್ತು ಎಣಿಸಿದ್ವಿ. ಹೊಸದರ ಉದ್ದ ಬೇರೆ ಇರಬಹುದು ಅಂತ ಮೊದಲೇ ಟೇಪಿನಲ್ಲಿ ಅಳತೆ ಕೂಡ ಬರೆದಿಟ್ಟಿದ್ವಿ. ಪಿಚ್ 1.5 ಮಿ.ಮೀ. ಆದರೆ ಒಂದು ಸುತ್ತು ತಪ್ಪಿದರೆ ಅಷ್ಟೇ ಉದ್ದ ತಪ್ಪುತ್ತೆ, ಟೈರ್ ಒಂದೇ ಕಡೆ ಸವೆಯುತ್ತೆ. ಕ್ಯಾಸಲ್ ನಟ್ ಬಿಗಿ ಮಾಡಿದಾಗ ಪಿನ್ನಿನ ತೂತು ಸೇರದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ, ಸಡಿಲ ಮಾಡಿ ಸೇರಿಸಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಮಾವ ಹಳೇದನ್ನೇ ನೇರ ಮಾಡ್ತಾ ಕೂತಿದ್ದರು, ಕೈಯಿಂದ ಕಿತ್ಕೊಂಡ್ವಿ. ಆ ಪಿನ್ ಮುರಿದು ನಟ್ ಕಳಚಿದರೆ ಸ್ಟೀರಿಂಗ್ ತಿರುಗಿದರೂ ಒಂದು ಚಕ್ರ ತಿರುಗಲ್ಲ. ಆಗುಂಬೆ ಘಾಟಿಯಲ್ಲಿ ಅದು ಬೇಡ.

ಕೊಪ್ಪದವರೆಗೆ ಇಪ್ಪತ್ತರ ಸ್ಪೀಡಿನಲ್ಲಿ, ಖಾಲಿ ಗಾಡಿಯಲ್ಲಿ ಹೋಗಿ ಅಲೈನ್‌ಮೆಂಟ್ ಮಾಡಿಸಿದ್ವಿ. ನಾವು ಕೂರಿಸಿದ್ದು ಅರ್ಧ ಸುತ್ತು ತಪ್ಪಿತ್ತು. ಅಲ್ಲಿನ ಹುಡುಗ ಕೊಳವೆಗೆ ರೆಂಚ್ ಹಾಕಿ ಒಂದೇ ಕೈಯಲ್ಲಿ ತಿರುಗಿಸಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.