ಬೇಸ್ ಗಿಟಾರನ್ನು ಕೊಳ್ಳುವ ಮೊದಲು

ವಿದ್ಯಾರ್ಥಿಯು ವಾದ್ಯವೊಂದನ್ನು ಬಯಸುವುದು ತಪ್ಪಲ್ಲ. ಬಯಸಿದ ವಾದ್ಯದ ಗುಣವನ್ನರಿಯದೆ ಅದನ್ನು ಕೊಳ್ಳುವುದು ತಪ್ಪು. ಈ ಮಾತು ನಮಗೆ ಚೆನ್ನಾಗಿ ಮನವರಿಕೆಯಾದುದು ಕಳೆದ ವರ್ಷ. ನಮ್ಮ ಶಾಲೆಯ ಹತ್ತನೆಯ ತರಗತಿಯ ಬಾಲಕನೊಬ್ಬನು ವಿದ್ಯುತ್ ಬೇಸ್ ಗಿಟಾರನ್ನು ಕೊಳ್ಳಬೇಕೆಂದು ನಮ್ಮಲ್ಲಿಗೆ ಸಲಹೆ ಕೇಳಲು ಬಂದನು. ಹೋಟೆಲೊಂದರಲ್ಲಿ ದುಡಿಯುವ ಅವನ ತಂದೆಯವರು ಎರಡು ವರ್ಷಗಳಲ್ಲಿ ಕೂಡಿಸಿದ ೨೫,೦೦೦ ರೂಪಾಯಿಗಳಷ್ಟೇ ಅವನ ಬಂಡವಾಳ. ಅದು ವ್ಯರ್ಥವಾದರೆ ಮತ್ತೆ ಕೂಡುವಂತಿರಲಿಲ್ಲ. ‘ಇರುವ ಹಣಕ್ಕೆ ದೊರೆಯುವ ಅತ್ಯಂತ ಬೆಲೆಯುಳ್ಳ ವಾದ್ಯವನ್ನೇ ಕೊಂಡುಬಿಡು’ ಎಂದು ನಾವು ಹೇಳಿಬಿಟ್ಟೆವು. ಆ ಸಲಹೆ ತಪ್ಪಾಗಿತ್ತು. ಏಕೆ ತಪ್ಪೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಾದ್ಯದ ಸ್ವರೂಪವನ್ನು ತಿಳಿಯೋಣ. ಸಾಮಾನ್ಯ ಬೇಸ್ ಗಿಟಾರಿಗೆ ನಾಲ್ಕು ತಂತಿಗಳು. ಒಂದು ತಂತಿಯ ಸ್ವರವನ್ನು ಷಡ್ಜವೆಂದು ಹಿಡಿದರೆ, ಅದರ ಮುಂದಿನ ತಂತಿಯು ಶುದ್ಧ ಮಧ್ಯಮವನ್ನು ನುಡಿಯುತ್ತದೆ. ಅತ್ಯಂತ ದಪ್ಪನೆಯ ತಂತಿಯು ಸೆಕೆಂಡಿಗೆ ಸುಮಾರು ೪೧ ಬಾರಿ ಕಂಪಿಸುವುದು; ಸಾಮಾನ್ಯ ಗಿಟಾರಿನ ದಪ್ಪ ತಂತಿಯಾದರೋ ಸುಮಾರು ೮೨ ಬಾರಿ. ಎಂದರೆ ಬೇಸ್ ಗಿಟಾರು ಒಂದು ಸ್ಥಾಯಿಯಷ್ಟು ಕೆಳಗೆ ನುಡಿಯುತ್ತದೆ. ಮೇಳದಲ್ಲಿ ತಾಳಕ್ಕೂ ರಾಗಕ್ಕೂ ನಡುವೆ ನಿಂತು ಎರಡನ್ನೂ ಬೆಸೆಯುವುದು ಅದರ ಕೆಲಸ.

ಈ ವಾದ್ಯದ ಒಡಲು ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ. ವೀಣೆಯ ಕೊಡದಂತೆ ಅದು ನಾದವನ್ನು ತಾನೇ ಹಿಗ್ಗಿಸಲಾರದು. ತಂತಿಗಳ ಕೆಳಗೆ ಅಯಸ್ಕಾಂತವೂ ಅದನ್ನು ಸುತ್ತಿದ ಸಣ್ಣ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ, ನಾವು ವಿಜ್ಞಾನದ ತರಗತಿಯಲ್ಲಿ ಓದುವ ತತ್ತ್ವವೇ ಇದು. ಆ ವಿದ್ಯುತ್ತನ್ನು ಆಂಪ್ಲಿಫೈಯರು ದೊಡ್ಡದು ಮಾಡಿ ಧ್ವನಿಯಾಗಿಸುತ್ತದೆ. ಆದುದರಿಂದ ಕೊಳ್ಳುವವನು ಕೊಳ್ಳಬೇಕಾದುದು ಒಂದಲ್ಲ, ಎರಡು ವಸ್ತುಗಳನ್ನು. ನಮ್ಮ ಸಲಹೆಯ ಮೊದಲನೆಯ ದೋಷ ಇದನ್ನು ಮರೆತದ್ದು.

ಎರಡನೆಯ ದೋಷವು ಅಳತೆಗೆ ಸಂಬಂಧಿಸಿದುದು. ಅಮೆರಿಕದ ಲಿಯೋ ಫೆಂಡರರು ೧೯೫೧ರಲ್ಲಿ ಹೊರತಂದ ಪ್ರಿಸಿಷನ್ ಬೇಸಿನಲ್ಲಿ ತಂತಿಯ ನುಡಿಯುವ ಭಾಗದ ಉದ್ದ ೩೪ ಅಂಗುಲ. ಇಂದಿಗೂ ಹೆಚ್ಚಿನ ವಾದ್ಯಗಳಿಗೆ ಇದೇ ಅಳತೆ. ಆದರೆ ಸ್ಕ್ವೈಯರ್ ಬ್ರಾಂಕೊ ಮಾದರಿಗೆ ೩೦ ಅಂಗುಲ, ಇಬಾನೆಜ್ ಮೈಕ್ರೊ ಮಾದರಿಗೆ ೨೮.೬ ಅಂಗುಲ. ಉದ್ದ ಕಡಿಮೆಯಾದಷ್ಟೂ ಮೆಟ್ಟಿಲುಗಳು ಹತ್ತಿರವಾಗುತ್ತವೆ, ತಂತಿಯ ಬಿಗಿ ಸಡಿಲವಾಗುತ್ತದೆ, ಎಳೆಯ ಬೆರಳುಗಳಿಗೆ ನೋವು ಕಡಿಮೆ. ದಪ್ಪ ತಂತಿಯ ಸ್ಪಷ್ಟತೆ ತುಸು ತಗ್ಗುವುದುಂಟು. ಕಲಿಯುವವನಿಗೆ ಅದು ದೊಡ್ಡ ಕೊರತೆಯಲ್ಲ.

ಅಗ್ಗದ ಕಿರುವಾದ್ಯವೆಂದು ಮೂಗು ಮುರಿಯುವವರಿಗೆ ಒಂದು ನಿದರ್ಶನವನ್ನು ಹೇಳಬೇಕು. ೧೯೬೧ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬೇಸ್ ಗಿಟಾರನ್ನು ಕೊಳ್ಳಬೇಕಾಯಿತು. ಫೆಂಡರ್ ವಾದ್ಯಕ್ಕೆ ಸುಮಾರು ೧೦೦ ಪೌಂಡು. ಅಷ್ಟು ಹಣ ಅವರಲ್ಲಿರಲಿಲ್ಲ. ಪಿಟೀಲಿನ ಆಕಾರದ ಹಾಫ್ನರ್ ವಾದ್ಯವು ಸುಮಾರು ೩೦ ಪೌಂಡಿಗೆ ದೊರೆಯಿತು. ತಂತಿಯ ಉದ್ದ ೩೦ ಅಂಗುಲ, ಹಗುರ. ಎಡಗೈ ವಾದಕರಾದ ಅವರಿಗೆ ಎರಡು ಪಕ್ಕಗಳೂ ಸಮನಾಗಿದ್ದ ಆ ಆಕಾರವು ತಿರುಗಿಸಿ ಹಿಡಿದರೂ ವಿಕಾರವಾಗಿ ತೋರಲಿಲ್ಲ. ಮರುವರ್ಷ ‘ಲವ್ ಮೀ ಡೂ’ ಗೀತೆಯ ಮುದ್ರಣದಲ್ಲಿ ನುಡಿದದ್ದು ಅದೇ ವಾದ್ಯ. ೧೯೭೨ರಲ್ಲಿ ಲಂಡನ್ನಿನಲ್ಲಿ ಕಳವಾದ ಅದು ಮರಳಿ ಅವರ ಕೈಸೇರಿದ ಸುದ್ದಿ ೨೦೨೪ರಲ್ಲಿ ಪ್ರಕಟವಾದಾಗ ಜಗತ್ತೇ ಸಂತೋಷಪಟ್ಟಿತು. ಆ ವಾದ್ಯಕ್ಕೆ ಘನತೆ ಬಂದದ್ದು ಬೆಲೆಯಿಂದಲ್ಲ, ನುಡಿಸಿದವರಿಂದ.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳನ್ನು ಕ್ರಮವಾಗಿ ಹೇಳುತ್ತೇವೆ.

ಒಂದು: ಬಡಗಿಯು ಮರದ ತುಂಡನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ವಾದ್ಯದ ದಂಡಿಯನ್ನು ಉದ್ದಕ್ಕೂ ನೋಡಬೇಕು. ಅತಿ ಸ್ವಲ್ಪ ಬಾಗು ಇರಬಹುದು; ಒಳಗಿನ ಲೋಹದ ಸರಳನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು. ತಿರುಚಿಕೊಂಡಿದ್ದರೆ ಆ ವಾದ್ಯವನ್ನು ಕೆಳಗಿಡುವುದೇ ಲೇಸು.

ಎರಡು: ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲಿಯೂ ಒತ್ತಿ ನುಡಿಸಬೇಕು. ಎಲ್ಲಿಯೂ ಝಿರಿಝಿರಿ ಸದ್ದು ಬರಬಾರದು. ದಂಡಿಯ ಅಂಚಿನಲ್ಲಿ ಕೈಯಾಡಿಸಿದಾಗ ಮೆಟ್ಟಿಲಿನ ತುದಿಗಳು ಚುಚ್ಚಬಾರದು.

ಮೂರು: ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರವು ಬಿಟ್ಟ ತಂತಿಯ ಸ್ವರದ ಮೇಲಿನ ಷಡ್ಜವೇ ಆಗಿರಬೇಕು. ವ್ಯತ್ಯಾಸವಿದ್ದರೆ ಕುದುರೆಯಲ್ಲಿರುವ ತಿರುಪುಗಳಿಂದ ಅದನ್ನು ಅಂಗಡಿಯಲ್ಲಿಯೇ ಸರಿಪಡಿಸಿಕೊಳ್ಳತಕ್ಕದ್ದು.

ನಾಲ್ಕು: ಶ್ರುತಿ ಮಾಡಿ ಹತ್ತು ನಿಮಿಷ ನುಡಿಸಿ, ಬಿರಡೆಗಳು ಶ್ರುತಿಯನ್ನು ಕಾಯ್ದುಕೊಂಡಿವೆಯೇ ಎಂದು ನೋಡಬೇಕು.

ಐದು: ಆಂಪ್ಲಿಫೈಯರಿಗೆ ಜೋಡಿಸಿ ಗುಂಡಿಗಳನ್ನು ತಿರುಗಿಸಬೇಕು. ಚಟಚಟ ಶಬ್ದ ಬಂದರೆ ಬೇರೆ ವಾದ್ಯವನ್ನು ಕೇಳಬೇಕು.

ಆರು: ಪಟ್ಟಿಯನ್ನು ಹೆಗಲಿಗೆ ಹಾಕಿ ನಿಂತು ನೋಡಬೇಕು. ಕೈಬಿಟ್ಟಾಗ ದಂಡಿಯ ತುದಿ ನೆಲದತ್ತ ಜಗ್ಗಿದರೆ, ನುಡಿಸುವಷ್ಟು ಹೊತ್ತೂ ಎಡಗೈ ಭಾರ ಹೊರಬೇಕಾಗುತ್ತದೆ.

ಮುಂಬಯಿಯ ಧೋಬಿ ತಲಾವಿನ ವಾದ್ಯದ ಅಂಗಡಿಗೆ ನಾವು ಬಾಲಕನೊಡನೆ ಹೋದೆವು. ೩೪ ಅಂಗುಲದ ಹೊಳೆಯುವ ವಾದ್ಯವೊಂದು ಅವನ ಮನಸ್ಸನ್ನು ಸೆಳೆಯಿತು. ಬೆಲೆಯೂ ಸರಿಸುಮಾರು ೨೫,೦೦೦ವೇ. ಆದರೆ ಮೊದಲ ಮೆಟ್ಟಿಲಿನಲ್ಲಿ ತೋರುಬೆರಳನ್ನಿಟ್ಟರೆ ಕಿರುಬೆರಳು ನಾಲ್ಕನೆಯದನ್ನು ಮುಟ್ಟಲೊಲ್ಲದು. ಅವನು ಕೈಯನ್ನು ಮತ್ತೆ ಮತ್ತೆ ಹಿಗ್ಗಿಸಿದನು, ಮುಖ ಬಾಡಿತು. ನಾವು ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ಕೈಬೆರಳಿಗೂ ಸಲ್ಲುವುದೆಂದು ಅಂದು ತಿಳಿಯಿತು. ಕೊನೆಗೆ ೧೭,೦೦೦ ರೂಪಾಯಿಗೆ ಕಿರಿಯ ಅಳತೆಯ ವಾದ್ಯ, ೬,೦೦೦ಕ್ಕೆ ಬೇಸಿಗೆಂದೇ ಮಾಡಿದ ಚಿಕ್ಕ ಆಂಪ್ಲಿಫೈಯರು, ಉಳಿದ ೨,೦೦೦ದಲ್ಲಿ ಕೇಬಲು, ಪಟ್ಟಿ, ಶ್ರುತಿಮಾಪಕ ಮತ್ತು ಹೆಡ್‌ಫೋನುಗಳನ್ನು ಕೊಂಡೆವು. ಬೇಸಿನ ಆಳವಾದ ನಾದವನ್ನು ಸಾಮಾನ್ಯ ಗಿಟಾರಿನ ಆಂಪ್ಲಿಫೈಯರಿನಿಂದ ಜೋರಾಗಿ ಹೊರಡಿಸಿದರೆ ಅದರ ಸ್ಪೀಕರು ಕೆಡಬಹುದೆಂಬುದನ್ನು ಗಮನಿಸಬೇಕು.

ಹೆಡ್‌ಫೋನು ಅನಾವಶ್ಯಕವೆಂದು ಕೆಲವರು ಭಾವಿಸಬಹುದು. ಆ ಬಾಲಕನ ಮನೆ ಒಂದೇ ಕೋಣೆಯದು. ತಂದೆಯವರು ತಡರಾತ್ರಿ ಕೆಲಸದಿಂದ ಬಂದು, ಬೆಳಗಿನಲ್ಲಿ ನಿದ್ರಿಸುತ್ತಾರೆ. ಅವರ ನಿದ್ರೆಗೆ ಭಂಗ ಬಾರದಂತೆ, ಅವರ ದುಡಿಮೆಯಿಂದ ಬಂದ ವಾದ್ಯವನ್ನು ಅವನು ಅದೇ ಕೋಣೆಯಲ್ಲಿ ದಿನವೂ ಅರ್ಧ ಗಂಟೆ ಸಾಧನೆ ಮಾಡುತ್ತಿದ್ದಾನೆ.

ಆದಕಾರಣ ವಿದ್ಯಾರ್ಥಿ ಮಿತ್ರರೇ, ವಾದ್ಯವನ್ನು ಕೊಳ್ಳುವಾಗ ಮೊದಲು ನಿಮ್ಮ ಕೈಯನ್ನು ನೋಡಿರಿ, ಅನಂತರ ಮನೆಯನ್ನು ನೋಡಿರಿ. ಬೆಲೆಯ ಚೀಟಿಯನ್ನು ಕಡೆಯಲ್ಲಿ ನೋಡಿರಿ. ದಿನವೂ ಕೈಗೆತ್ತಿಕೊಳ್ಳಲು ಆಸೆಯಾಗುವ ವಾದ್ಯವೇ ಒಳ್ಳೆಯ ವಾದ್ಯ.