ವಿಷದ ಎಲೆ ತಿಂದು ಬದುಕುವುದು ಹೇಗೆ? ಕೋಲಾ, ಎಳೆ ಜೋಳ, ಎಕ್ಕ: ಒಂದು ಪಾಠದ ಅನುಭವ

ಏಳನೇ ತರಗತಿಯ ವಿಜ್ಞಾನದ ‘ಪ್ರಾಣಿಗಳಲ್ಲಿ ಪೋಷಣೆ’ ಪಾಠದಲ್ಲಿ ಮೆಲುಕು ಹಾಕುವ ಪ್ರಾಣಿಗಳ ವಿಷಯ ಬರುತ್ತದೆ. ಹುಲ್ಲಿನ ಸೆಲ್ಯುಲೋಸನ್ನು ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಜೀರ್ಣಿಸಿಕೊಡುತ್ತವೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಗಿಡ ತನ್ನನ್ನು ತಿನ್ನಲು ಬಿಟ್ಟು ಸುಮ್ಮನೆ ನಿಂತಿರುವುದಿಲ್ಲ, ಎಲೆಯಲ್ಲೇ ವಿಷ ಕೂಡಿಟ್ಟುಕೊಂಡಿರುತ್ತದೆ. ಈ ಮಾತನ್ನು ಸೇರಿಸಿ ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡು ಅವಧಿಯ ಪಾಠ ಮಾಡಿದೆ. ಆಮೇಲೆ ಮಾನ್ವಿ ಕಡೆಯ ಇನ್ನೊಂದು ಶಾಲೆಯಲ್ಲಿ ಅದನ್ನೇ ಸ್ವಲ್ಪ ಬದಲಿಸಿ ಮಾಡಿದೆ. ರಾಯಚೂರಿನ ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಪೀಠಿಕೆಗೆ ಹತ್ತಿಯ ಮೇಲೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ತರಗತಿಯಲ್ಲಿ ಸುತ್ತಿಸಿದೆ. “ನೆಗಡಿ ಎಣ್ಣಿರೀ” ಎಂದು ಕೂಡಲೇ ಗುರುತಿಸಿದರು. ನೀಲಗಿರಿ ನಮ್ಮ ದೇಶದ ಮರವಲ್ಲ, ಆಸ್ಟ್ರೇಲಿಯಾದ್ದು. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದಲ್ಲಿ ನೆಟ್ಟರು ಎಂದೆ. ಆಡು ಈ ಎಲೆ ತಿನ್ನುತ್ತದೆಯೇ ಎಂದು ಕೇಳಿದಾಗ ಅರ್ಧ ತರಗತಿ “ಮುಟ್ಟಂಗಿಲ್ರಿ” ಎಂದಿತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಬಲ್ಲ ಮಕ್ಕಳೇ ಹಾಗೆ ಹೇಳಿದರು. ಆಗ ಕೋಲಾದ ಚಿತ್ರ ತೋರಿಸಿದೆ.

ಕೋಲಾ ದಿನಕ್ಕೆ ಸುಮಾರು ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ನೀಲಗಿರಿ ಎಲೆ ತಿನ್ನುತ್ತದೆ. ಎಲೆಯಲ್ಲಿ ಎಣ್ಣೆಯಷ್ಟೇ ಅಲ್ಲ, ಟ್ಯಾನಿನ್ ಮತ್ತು ಬೇರೆ ಫೀನಾಲುಗಳೂ ಇವೆ, ಪೋಷಕಾಂಶ ಮಾತ್ರ ಕಡಿಮೆ. ಕೋಲಾ ಮೊದಲು ಮೂಸಿ ನೋಡಿ, ಬೇಡವಾದ ಎಲೆಯನ್ನು ಬಿಡುತ್ತದೆ. ಒಳಗೆ ಹೋದದ್ದನ್ನು ಯಕೃತ್ತಿನ ಕಿಣ್ವಗಳು ಬದಲಿಸಿ ಮೂತ್ರದ ದಾರಿ ಹಿಡಿಸುತ್ತವೆ. 2018ರಲ್ಲಿ ಕೋಲಾದ ಜೀನೋಮ್ ಪ್ರಕಟವಾದಾಗ, ಸೈಟೋಕ್ರೋಮ್ ಪಿ450 ಕಿಣ್ವಗಳ ಒಂದು ಕುಟುಂಬಕ್ಕೇ ಅದರಲ್ಲಿ 31 ಜೀನ್‌ಗಳಿರುವುದು ಕಂಡಿತು. ಕಾಯಿಲೆ ಬಿದ್ದ ಕೋಲಾಗೆ ಕೊಡುವ ಕೆಲವು ಔಷಧಗಳನ್ನೂ ಇದೇ ಯಕೃತ್ತು ಬೇಗ ಬೇಗ ಹೊರಗೆ ಹಾಕಿಬಿಡುತ್ತದೆ. ಪಶುವೈದ್ಯರಿಗೆ ಅದೊಂದು ತಲೆನೋವು. ನಾರನ್ನು ಹುದುಗಿಸಲು ಸುಮಾರು ಎರಡು ಮೀಟರ್ ಉದ್ದದ ಸೀಕಂ ಇದೆ. ಇಷ್ಟೆಲ್ಲ ಮಾಡಿಯೂ ಸಿಗುವ ಶಕ್ತಿ ಅಲ್ಪ, ಅದಕ್ಕೇ ದಿನದಲ್ಲಿ ಇಪ್ಪತ್ತು ಗಂಟೆಯಷ್ಟು ವಿಶ್ರಾಂತಿ.

ಇಲ್ಲಿಗೆ ನನ್ನ ಪಾಠಯೋಜನೆಯ ಮೊದಲ ಅವಧಿ ಮುಗಿಯಬೇಕಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಮೇಡಂ, ಆ ಕೋಲಾ ದಿನಾ ನಂಜಿನ ಎಲಿ ತಿಂದ್ರೂ ಸಾಯಂಗಿಲ್ಲ ಅಂತೀರಿ. ನಮ್ಮ ಎತ್ತ ಒಂದ ಸಲ ಎಳಿ ಜ್ವಾಳ ತಿಂದು ಸತ್ತೋತಲ್ರಿ, ಯಾಕ?”

ಹಿಂದಿನ ವರ್ಷ ಮಳೆ ಕೈಕೊಟ್ಟು ಬಾಡಿ ನಿಂತಿದ್ದ ಹೊಲಕ್ಕೆ ಅವರ ಎತ್ತು ನುಗ್ಗಿತ್ತು. ಒಂದು ಎತ್ತು ಹೋದರೆ ಉಳಿದದ್ದು ಜೋಡಿಯಲ್ಲ; ಆ ಮನೆಯವರು ಬಿತ್ತನೆಗೆ ಬೇರೆಯವರ ಎತ್ತು ಕೇಳಬೇಕಾಯಿತಂತೆ. ತರಗತಿಯಲ್ಲಿ ಇನ್ನೂ ಮೂರ್ನಾಲ್ಕು ಮಕ್ಕಳು ಇಂಥದ್ದನ್ನು ಕಂಡಿದ್ದರು. ದೃಷ್ಟಿ ತಾಗಿತು, ಹಾವು ಮುಟ್ಟಿತು ಎಂಬ ವಿವರಣೆಗಳೂ ಬಂದವು. ನಾನು ಎರಡನೇ ಅವಧಿಯನ್ನು ಪೂರ್ತಿ ಈ ಪ್ರಶ್ನೆಗೇ ಇಟ್ಟುಕೊಂಡೆ. ನನ್ನ ಮಟ್ಟಿಗೆ ಪಾಠ ನಿಜವಾಗಿ ಶುರುವಾದದ್ದು ಇಲ್ಲಿಂದ.

ಎಳೆ ಜೋಳದಲ್ಲಿ ಧುರ್ರಿನ್ ಎಂಬ ವಸ್ತುವಿದೆ. ಅದು ಇದ್ದಲ್ಲೇ ಇದ್ದರೆ ತೊಂದರೆಯಿಲ್ಲ. ಅದನ್ನು ಒಡೆಯುವ ಕಿಣ್ವವನ್ನು ಗಿಡ ಬೇರೆ ಜಾಗದಲ್ಲಿ ಇಟ್ಟಿರುತ್ತದೆ. ದನ ಅಗಿದಾಗ ಎರಡೂ ಕೂಡಿ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೂ ಈ ಕೆಲಸಕ್ಕೆ ಕೈ ಜೋಡಿಸುತ್ತವೆ. ಇದನ್ನು ತೋರಿಸಲು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅಡುಗೆ ಸೋಡಾ ಹಾಕಿ, ಅದರೊಳಗೆ ತೆಳುವಾದ ಸಣ್ಣ ಕವರಿನಲ್ಲಿ ನಿಂಬೆರಸ ಕಟ್ಟಿಟ್ಟು ಬಾಯಿ ಬಿಗಿದೆ. ಒಳಗಿನ ಕವರು ಒಡೆಯುವಂತೆ ಮಕ್ಕಳು ಹಿಚುಕಿದಾಗ ಹೊರಗಿನದು ಉಬ್ಬಿತು. ಉಬ್ಬಿಸಿದ್ದು ಕಾರ್ಬನ್ ಡೈಆಕ್ಸೈಡ್, ವಿಷವಲ್ಲ ಎಂದು ಸ್ಪಷ್ಟವಾಗಿ ಹೇಳಲೇಬೇಕು.

ಸಯನೈಡ್ ಸೇರಿದ ಮೇಲೆ ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಅದಕ್ಕೇ ರಕ್ತ ಕಡುಗೆಂಪಾಗಿ ಕಾಣುತ್ತದೆ, ಪ್ರಾಣಿ ಏದುಸಿರು ಬಿಡುತ್ತದೆ. ಹಾಗಾದರೆ ಎತ್ತಿಗೆ ಯಕೃತ್ತು ಇಲ್ಲವೇ? ಇದೆ. ಅದರಲ್ಲಿ ರೋಡನೇಸ್ ಎಂಬ ಕಿಣ್ವ ಗಂಧಕದ ನೆರವಿನಿಂದ ಸಯನೈಡನ್ನು ಥಯೋಸಯನೇಟ್ ಆಗಿಸಿ ಮೂತ್ರದಲ್ಲಿ ಕಳಿಸುತ್ತದೆ. ಅಂದರೆ ಎತ್ತು ಕೂಡ ವಿಷ ಇಳಿಸಬಲ್ಲದು. ಸೋಲುವುದು ವೇಗದಲ್ಲಿ.

ಈ ಮಾತಿಗೆ ಚಾರ್ಟು ಬೇಕಾಗಲಿಲ್ಲ. ತಳದಲ್ಲಿ ತೂತಿರುವ ಡಬ್ಬಿಗೆ ಒಬ್ಬಳು ಲೋಟದಿಂದ ಸಣ್ಣಗೆ ನೀರು ಹೊಯ್ದಳು, ತುಂಬಲಿಲ್ಲ. ಇನ್ನೊಬ್ಬ ಕೊಡ ಬಗ್ಗಿಸಿದ, ಕ್ಷಣದಲ್ಲಿ ಉಕ್ಕಿತು. ತೂತು ಎರಡು ಸಲವೂ ಅಷ್ಟೇ ಇತ್ತು. ಕೋಲಾಗೆ ತನ್ನ ಎಲೆಯ ಮಟ್ಟಿಗೆ ದೊಡ್ಡ ತೂತಿದೆ, ಜೊತೆಗೆ ಅದು ನೋಡಿ ನೋಡಿ ಹೊಯ್ದುಕೊಳ್ಳುತ್ತದೆ. ಹಸಿದ ಎತ್ತು ಎಳೆ ಜೋಳಕ್ಕೆ ನುಗ್ಗಿದರೆ ಕೊಡ ಬಗ್ಗಿಸಿದಂತೆ. ಪ್ರಶ್ನೆ ಕೇಳಿದ ಹುಡುಗ ತಾನೇ ಬಂದು ಮತ್ತೊಮ್ಮೆ ನೀರು ಹೊಯ್ದು ನೋಡಿದ.

ಮನೆಗೆ ಒಯ್ಯಬೇಕಾದ ವಿಷಯಗಳನ್ನು ಮಕ್ಕಳ ಬಾಯಿಂದಲೇ ಹೊರಡಿಸಿ ಕಪ್ಪುಹಲಗೆಯಲ್ಲಿ ಬರೆದೆ. ಮೊಣಕಾಲೆತ್ತರದ ಜೋಳ, ಬರಕ್ಕೆ ಬಾಡಿದ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ, ಇವುಗಳಲ್ಲಿ ಅಪಾಯ ಹೆಚ್ಚು. ತೆನೆ ಬಲಿತ ಮೇಲೆ ಕಡಿಮೆ, ಚೆನ್ನಾಗಿ ಒಣಗಿದ ಕಣಕಿಯಲ್ಲಿ ಇನ್ನೂ ಕಡಿಮೆ. ಹಸಿದ ದನವನ್ನು ಅಂಥ ಹೊಲದ ದಂಡೆಗೆ ಬಿಡಬಾರದು. ಏದುಸಿರು ಕಂಡ ಕೂಡಲೇ ಪಶುವೈದ್ಯರನ್ನು ಕರೆಯಬೇಕು, 1962ಕ್ಕೆ ಫೋನು ಮಾಡಬಹುದು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಇದಕ್ಕಿದೆ, ಆದರೆ ಸಮಯ ಬಹಳ ಕಡಿಮೆ. ಥಯೋಸಲ್ಫೇಟ್ ಕೊಡುವುದು ಆ ಕಿಣ್ವಕ್ಕೆ ಬೇಕಾದ ಗಂಧಕವನ್ನೇ ಎಂದಾಗ, ವೀಕ್ಷಣೆಗೆ ಕುಳಿತಿದ್ದ ನನ್ನ ಸಹಪಾಠಿಯೂ ಬರೆದುಕೊಂಡಳು.

ಸೂಕ್ಷ್ಮಜೀವಿಗಳ ಭಾಗವನ್ನು ಬಿಡಬೇಡಿ, ಪಠ್ಯಕ್ಕೆ ನೇರ ಕೊಂಡಿ ಅದೇ. ಕೋಲಾ ಮರಿ ಎಲೆ ತಿನ್ನಲು ಶುರು ಮಾಡುವ ಮುನ್ನ ತಾಯಿಯ ಕರುಳಿನಿಂದ ಬರುವ ಮೆತ್ತನೆಯ ವಿಶೇಷ ಮಲವನ್ನು ತಿನ್ನುತ್ತದೆ. ಮಕ್ಕಳು ‘ಛೀ’ ಎಂದು ನಗುತ್ತಾರೆ, ನಗಲಿ. ಎಲೆ ಜೀರ್ಣಿಸುವ ಸೂಕ್ಷ್ಮಜೀವಿಗಳು ಮರಿಗೆ ಸಿಗುವುದು ಹಾಗೆ. ಇದಕ್ಕೆ ನಮ್ಮ ಬದುವಿನ ಉದಾಹರಣೆ ಸುಬಾಬುಲ್. ಅದರ ಎಲೆಯ ಮಿಮೋಸಿನ್‌ನಿಂದ ಆಸ್ಟ್ರೇಲಿಯಾದಲ್ಲಿ ದನಗಳ ಕೂದಲು ಉದುರುತ್ತಿತ್ತು, ಥೈರಾಯ್ಡ್ ಊದಿಕೊಳ್ಳುತ್ತಿತ್ತು. ಹವಾಯಿಯ ಆಡುಗಳು ಅದೇ ಸೊಪ್ಪು ತಿಂದು ಚೆನ್ನಾಗಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಹವಾಯಿ ಆಡಿನ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಆಸ್ಟ್ರೇಲಿಯಾದ ಪ್ರಾಣಿಗಳಿಗೆ ದಾಟಿಸಿದಾಗ ಅವೂ ತಡೆದುಕೊಂಡವು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಟ್ಟರು. ಹೆಪ್ಪು ಹಾಕಿದಂಗ ಆತು ಎಂದಳು ಒಬ್ಬ ಹುಡುಗಿ. ನನ್ನ ಹೋಲಿಕೆಗಿಂತ ಅದು ಚೆನ್ನಾಗಿತ್ತು, ಮಾನ್ವಿಯಲ್ಲಿ ಅದನ್ನೇ ಬಳಸಿದೆ.

ಮಾನ್ವಿಯ ಶಾಲೆಯದು ಕಾಲುವೆ ನೀರಿನ ಭತ್ತದ ಊರು. ಎಳೆ ಜೋಳದ ಮಾತಿಗೆ ಅಲ್ಲಿನ ಮಕ್ಕಳ ಮುಖದಲ್ಲಿ ಏನೂ ಹುಟ್ಟಲಿಲ್ಲ. ಶನಿವಾರ ಹನುಮಪ್ಪನಿಗೆ ಹಾಕುವ ಎಕ್ಕದ ಹಾರ ಎಲ್ಲರಿಗೂ ಗೊತ್ತಿತ್ತು, ಅಲ್ಲಿಂದ ಹೊರಟೆ. ಎಕ್ಕದ ಹಾಲಿನಲ್ಲಿ ಹೃದಯಕ್ಕೆ ಪೆಟ್ಟು ಕೊಡುವ ಕಾರ್ಡಿನೋಲೈಡ್‌ಗಳಿವೆ. ಆದರೂ ಬಿಳಿ, ಕಪ್ಪು, ಹಳದಿ ಪಟ್ಟೆಯ ಮರಿಹುಳು ಅದರ ಎಲೆಯನ್ನೇ ತಿಂದು ಪ್ಲೇನ್ ಟೈಗರ್ ಚಿಟ್ಟೆಯಾಗುತ್ತದೆ. ಇದರ ಹತ್ತಿರದ ಬಂಧು ಮೊನಾರ್ಕ್ ಚಿಟ್ಟೆಯಲ್ಲಿ, ವಿಷ ಅಂಟಿಕೊಳ್ಳುವ ಪ್ರೋಟೀನೇ ಬದಲಾಗಿರುವುದರಿಂದ ವಿಷಕ್ಕೆ ಹಿಡಿತ ಸಿಗುವುದಿಲ್ಲ. ಕೋಲಾ ವಿಷವನ್ನು ಹೊರಹಾಕಿದರೆ ಮೊನಾರ್ಕ್ ಅದನ್ನು ಮೈಯಲ್ಲೇ ಇಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಒಂದು ಎಚ್ಚರಿಕೆ: ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಕಾರ್ನಿಯಾ ಹಾಳಾಗಬಹುದು. ಮಕ್ಕಳಿಂದ ಎಲೆ ಕೀಳಿಸಬೇಡಿ, ಗಿಡದ ಬಳಿಗೇ ಕರೆದೊಯ್ದು ದೂರದಿಂದ ತೋರಿಸಿ.

ಮೌಲ್ಯಮಾಪನಕ್ಕೆ ಎರಡೂ ಕಡೆ ಒಂದೇ ಪ್ರಶ್ನೆ ಕೊಟ್ಟೆ: ಕೋಲಾಗೆ ಎಳೆ ಜೋಳ ಹಾಕಿದರೆ ಏನಾಗಬಹುದು? ಬಹಳ ಮಕ್ಕಳು ‘ಏನೂ ಆಗುವುದಿಲ್ಲ, ಅದಕ್ಕೆ ವಿಷ ರೂಢಿ’ ಎಂದು ಬರೆದರು. ಒಂದು ವಿಷಕ್ಕೆ ಒಗ್ಗಿದ್ದು ಎಲ್ಲ ವಿಷಕ್ಕೂ ಒಗ್ಗಿದಂತಲ್ಲ ಎಂಬುದಕ್ಕೆ ಇನ್ನೊಂದು ಅವಧಿ ಬೇಕು. ಕೆಲವರು ‘ಮೂಸಿ ಬಿಟ್ಟುಬಿಡುತ್ತದೆ’ ಎಂದರು, ಅದಕ್ಕೂ ಅಂಕ ಕೊಟ್ಟೆ. ದೇವದುರ್ಗದ ಆ ಹುಡುಗನ ಹಾಳೆಯಲ್ಲಿ ಉತ್ತರದ ಜಾಗದಲ್ಲಿ ಒಂದು ಪ್ರಶ್ನೆ ಇತ್ತು: ‘ಎಷ್ಟು ಹಾಕ್ತೀರಿ, ಎಷ್ಟೊತ್ತಿನ್ಯಾಗ ಹಾಕ್ತೀರಿ?’ ಪೂರ್ಣ ಅಂಕ ಹಾಕಿದೆ.